ಮುನ್ನೂರರ ಕಾರು, ನೂರರ ರಸ್ತೆ

ಕೋಟಿಗಟ್ಟಲೆ ಕೊಟ್ಟು ತಂದ ಸ್ಪೋರ್ಟ್ಸ್ ಕಾರನ್ನು ಮತ್ತೆ ಬಿಚ್ಚಿಸಿ ಬದಲಾಯಿಸುವುದೇಕೆ? ‘ಮಾಡಿಫಿಕೇಷನ್’ ಕಸುಬಿನ ಒಂದು ಪರಿಚಯ

ಮದ್ದೂರಿನ ಪಕ್ಕದ ಶಿವಪುರ ಕನ್ನಡಿಗರಿಗೆ ಗೊತ್ತಿರುವುದು 1938ರ ಧ್ವಜ ಸತ್ಯಾಗ್ರಹದಿಂದ. ಅದರ ನೆನಪಿಗೆ ಕಟ್ಟಿದ ಸತ್ಯಾಗ್ರಹ ಸೌಧ ಇರುವುದು ಬೆಂಗಳೂರು–ಮೈಸೂರು ಹಳೇ ಹೆದ್ದಾರಿಯ ಮಗ್ಗುಲಲ್ಲೇ. ದಸರೆಗೆ ಹೊರಟವರ ಬಸ್ಸು, ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿ, ಊಟಿಗೆ ಹೊರಟ ಹೊಸ ಜೋಡಿಯ ಕಾರು ದಶಕಗಟ್ಟಲೆ ಈ ದಾರಿಯಲ್ಲೇ ಸಾಗಿದವು. ನೆಲಕ್ಕೆ ಅಂಟಿಕೊಂಡಂತೆ ಓಡುವ ವಿದೇಶಿ ಸ್ಪೋರ್ಟ್ಸ್ ಕಾರುಗಳೂ ಹಂಪ್ ಬಂದಲ್ಲೆಲ್ಲ ತೆವಳಿಕೊಂಡು ಮದ್ದೂರು ದಾಟಬೇಕಿತ್ತು.

2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಹೊಸ ಹೆದ್ದಾರಿಯನ್ನು ಉದ್ಘಾಟಿಸಿದರು. ಸುಮಾರು 8,480 ಕೋಟಿ ರೂಪಾಯಿ ವೆಚ್ಚದ, 118 ಕಿಲೋಮೀಟರ್ ಉದ್ದದ ಆ ದಾರಿ ಮದ್ದೂರು ಪೇಟೆಯನ್ನು ಬದಿಗಿಟ್ಟು ಹೋಯಿತು. ಈಗ ರಜೆಯ ಮುಂಜಾನೆ ಬೆಂಗಳೂರಿನಿಂದ ಮೈಸೂರು ಕಡೆಗೆ ತಿಂಡಿಗೆಂದು ಹೊರಡುವ ಪೋರ್ಷೆ, ಲ್ಯಾಂಬೋರ್ಗಿನಿ, ಫೆರಾರಿಗಳು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತವೆ. ಸರ್ವಿಸ್ ರಸ್ತೆಯಲ್ಲಿ ಬೈಕ್ ನಿಲ್ಲಿಸಿಕೊಂಡು ‘ಏನ್ ಸೌಂಡ್ ಗುರೂ!’ ಎನ್ನುವ ಹುಡುಗರಿಗೆ ಒಂದು ಗುಟ್ಟು ಹೇಳಬೇಕು: ಆ ಸೌಂಡು ಎಷ್ಟೋ ಸಲ ಕಾರ್ಖಾನೆಯಿಂದ ಬಂದದ್ದಲ್ಲ, ಕಾರು ಮನೆಗೆ ಬಂದ ಮೇಲೆ ಹಾಕಿಸಿದ್ದು.

ವಿಚಿತ್ರ ಇರುವುದೂ ಇಲ್ಲೇ. ಇಂಥ ಕಾರು ನಿಂತಲ್ಲಿಂದ ನೂರರ ವೇಗ ಮುಟ್ಟಲು ಮೂರು ಸೆಕೆಂಡು, ಹೆಚ್ಚೆಂದರೆ ನಾಲ್ಕು ಸೆಕೆಂಡು ಸಾಕು. ಗಂಟೆಗೆ 300 ಕಿಲೋಮೀಟರ್ ಅದಕ್ಕೆ ದೊಡ್ಡ ಮಾತಲ್ಲ. ಆದರೆ ಈ ಹೆದ್ದಾರಿಯಲ್ಲಿ ಕಾರಿಗೆ ಇರುವ ಮಿತಿ 100 ಕಿಲೋಮೀಟರ್. ಮೀರಿದರೆ ಕ್ಯಾಮೆರಾ ಕಣ್ಣು, ಮನೆಗೆ ದಂಡದ ನೋಟಿಸು. ಇರುವ ಶಕ್ತಿಯಲ್ಲಿ ಮೂರನೇ ಒಂದು ಪಾಲನ್ನೂ ಬಳಸಲಾಗದ ಕಡೆ ಇನ್ನಷ್ಟು ಶಕ್ತಿ ತುಂಬಿಸುವವರಿದ್ದಾರೆ. ಅದೂ ಎಂಥ ಬೆಲೆಯ ಕಾರಿಗೆ! ಪೂರ್ತಿ ಸಿದ್ಧವಾಗಿ ಹಡಗಿನಲ್ಲಿ ಬರುವ ದುಬಾರಿ ಕಾರಿಗೆ ಆಮದು ಸುಂಕವೇ ಕಾರಿನ ಬೆಲೆಯಷ್ಟಾಗುತ್ತದೆ. ಅದರ ಮೇಲೆ ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ದಾಟಿದ ಕಾರಿಗೆ ಶೇ 18ರ ಜೀವಿತಾವಧಿ ತೆರಿಗೆ. ಅಷ್ಟೆಲ್ಲ ತೆತ್ತ ಮೇಲೂ ಕಾರು ‘ಸ್ಟಾಕ್’ ಆಗಿಯೇ ಇದೆಯಲ್ಲ ಎಂಬ ಕೊರಗು ಮಾಲೀಕನನ್ನು ಗ್ಯಾರೇಜಿಗೆ ಎಳೆದೊಯ್ಯುತ್ತದೆ. ಈ ಲೋಕದ ಮಾತಿನಲ್ಲಿ ಸ್ಟಾಕ್ ಎಂದರೆ ಕಾರ್ಖಾನೆಯಿಂದ ಬಂದ ಹಾಗೇ ಇರುವುದು.

ಟ್ರ್ಯಾಕ್ಟರ್ ಧಣಿಯ ಕ್ಲಚ್

ಈ ಕೊರಗಿಗೆ ದೊಡ್ಡ ವಂಶಾವಳಿಯೇ ಇದೆ. ಎರಡನೇ ಮಹಾಯುದ್ಧದ ತನಕ ರೋಲ್ಸ್‌ರಾಯ್ಸ್ ಕಂಪನಿ ಮಾರುತ್ತಿದ್ದುದು ಚಾಸಿ ಮತ್ತು ಎಂಜಿನ್ ಮಾತ್ರ. ಮೇಲಿನ ಬಾಡಿಯನ್ನು ಹೂಪರ್, ಬಾರ್ಕರ್ ಮುಂತಾದ ಬಾಡಿ ಕಟ್ಟುವವರ ಬಳಿ ಮಾಲೀಕನೇ ತನ್ನ ರುಚಿಗೆ ತಕ್ಕಂತೆ ಮಾಡಿಸಿಕೊಳ್ಳಬೇಕು. ನಮ್ಮ ರಾಜಮಹಾರಾಜರು ಬೇಟೆಗೊಂದು, ಮೆರವಣಿಗೆಗೊಂದು ಎಂದು ಕಾರು ಕಟ್ಟಿಸಿಕೊಂಡದ್ದು ಆ ಕಾಲದ ಪದ್ಧತಿಯಂತೆಯೇ.

ಫೆರುಚಿಯೊ ಲ್ಯಾಂಬೋರ್ಗಿನಿಯ ಕತೆ ಮಂಡ್ಯದ ರೈತರಿಗೂ ಹಿಡಿಸುವಂಥದ್ದು. ಇಟಲಿಯ ಈ ಮನುಷ್ಯ ಮೊದಲು ತಯಾರಿಸಿದ್ದು ಟ್ರ್ಯಾಕ್ಟರ್. ಅದರಲ್ಲಿ ದುಡ್ಡು ಮಾಡಿ ಫೆರಾರಿ ಕೊಂಡ. ಅದರ ಕ್ಲಚ್ ಪದೇ ಪದೇ ಕೈಕೊಟ್ಟಿತು. ಬಿಚ್ಚಿ ನೋಡಿದರೆ ತನ್ನ ಟ್ರ್ಯಾಕ್ಟರಿನಲ್ಲಿ ಇರುವಂಥದ್ದೇ ಕ್ಲಚ್; ದೂರು ಹೇಳಹೋದಾಗ ಎಂಜೊ ಫೆರಾರಿ ಹೀಯಾಳಿಸಿ ಕಳಿಸಿದ ಎಂದು ಕತೆ ಹಬ್ಬಿದೆ. ಕತೆಗೆ ಕೈಕಾಲು ಸೇರಿರಬಹುದು. ಆದರೆ 1963ರಲ್ಲಿ ಆತ ಸ್ವಂತ ಕಾರು ಕಂಪನಿ ತೆರೆದದ್ದು ಮಾತ್ರ ನಿಜ. ಕೊಂಡ ಕಾರಿನಲ್ಲಿ ತೃಪ್ತಿ ಸಿಗದ ಒಬ್ಬ ಮಾಲೀಕನಿಂದ ಜಗತ್ತಿಗೆ ಇನ್ನೊಂದು ಸ್ಪೋರ್ಟ್ಸ್ ಕಾರು ಸಿಕ್ಕಿತು.

ಜರ್ಮನಿಯಲ್ಲಿ ಇದೇ ಅತೃಪ್ತಿ ಉದ್ಯಮವಾಗಿ ಬೆಳೆಯಿತು. 1967ರಲ್ಲಿ ಹಾನ್ಸ್ ವರ್ನರ್ ಔಫ್ರೆಕ್ಟ್ ಮತ್ತು ಎರ್ಹಾರ್ಡ್ ಮೆಲ್ಕರ್ ಎಂಬ ಇಬ್ಬರು ಎಂಜಿನಿಯರುಗಳು ಹಳೆಯ ಗಿರಣಿಯೊಂದರಲ್ಲಿ ಮರ್ಸಿಡಿಸ್ ಎಂಜಿನ್ನುಗಳನ್ನು ಹುರಿಗೊಳಿಸುವ ಕೆಲಸ ಶುರುಮಾಡಿದರು. 1971ರಲ್ಲಿ ಬೆಲ್ಜಿಯಂನ ಸ್ಪಾ 24 ಗಂಟೆಗಳ ರೇಸಿನಲ್ಲಿ ಅವರು ಮಾರ್ಪಡಿಸಿದ ಭಾರಿ ಮರ್ಸಿಡಿಸ್ ಎರಡನೆಯ ಸ್ಥಾನ ಗಳಿಸಿದಾಗ ಹುಬ್ಬೇರಿಸದವರಿಲ್ಲ. ಆ ಸಂಸ್ಥೆಯೇ ಎಎಂಜಿ. ಮುಂದೆ ಮರ್ಸಿಡಿಸ್ ಕಂಪನಿಯೇ ಅದನ್ನು ಕೊಂಡುಕೊಂಡಿತು. 1965ರ ಆಲ್ಪಿನಾ ಬಿಎಂಡಬ್ಲ್ಯು ಕಾರುಗಳಿಗೆ, 1977ರ ಬ್ರಾಬಸ್ ಮರ್ಸಿಡಿಸ್ ಕಾರುಗಳಿಗೆ ಹೀಗೇ ಹೆಸರಾದವು.

ಜೆ.ಸಿ. ರಸ್ತೆಯಿಂದ ಲ್ಯಾಪ್‌ಟಾಪಿನವರೆಗೆ

ನಮ್ಮಲ್ಲಿ ಈ ಕಸುಬು ಹುಟ್ಟಿದ್ದು ಬಡತನದಲ್ಲಿ. ಅಂಬಾಸಿಡರ್, ಫಿಯೆಟ್ ಬಿಟ್ಟರೆ ಬೇರೆ ಕಾರೇ ಸಿಗದ ಕಾಲದಲ್ಲಿ ಮದ್ರಾಸಿನ ಶೋಲಾವರಂ ರೇಸಿಗೋ ಕರ್ನಾಟಕದ ಕೆ-1000 ರ್‍ಯಾಲಿಗೋ ಹೋಗಬೇಕೆಂದರೆ ಇದ್ದ ಗಾಡಿಯನ್ನೇ ಚುರುಕು ಮಾಡಿಕೊಳ್ಳಬೇಕು. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ತಂದ ಫೈಬರ್ ಬಾಡಿಯ ಹಗುರ ಕಾರು ‘ಡಾಲ್ಫಿನ್’ ಮಾರುಕಟ್ಟೆಯಲ್ಲಿ ಮಾರುತಿಯ ಎದುರು ಸೋತರೂ ರ್‍ಯಾಲಿಯವರ ಮೆಚ್ಚಿನ ಗಾಡಿಯಾಗಿತ್ತು. ಕಾರ್ಬ್ಯುರೇಟರ್ ಬದಲಿಸುವುದು, ಸಿಲಿಂಡರ್ ಹೆಡ್ ಉಜ್ಜಿಸುವುದು, ಅನಗತ್ಯ ತೂಕ ಕಿತ್ತುಹಾಕುವುದು ಆಗಿನ ವಿದ್ಯೆ. ಬಿಡಿಭಾಗಕ್ಕೆ ಶಿವಾಜಿನಗರ, ಅಲಂಕಾರಕ್ಕೆ ಜೆ.ಸಿ. ರಸ್ತೆ.

ಈಗ ಮೆಕ್ಯಾನಿಕ್ ಮೊದಲು ತೆರೆಯುವುದು ಲ್ಯಾಪ್‌ಟಾಪ್. ಎಂಜಿನ್ನಿಗೆ ಎಷ್ಟು ಪೆಟ್ರೋಲ್, ಯಾವ ಗಳಿಗೆಗೆ ಕಿಡಿ, ಟರ್ಬೊದಿಂದ ಎಷ್ಟು ಒತ್ತಡದ ಗಾಳಿ ಎಂಬುದನ್ನೆಲ್ಲ ನಿರ್ಧರಿಸುವುದು ಇಸಿಯು ಎಂಬ ಪುಟ್ಟ ಕಂಪ್ಯೂಟರ್. ಕಂಪನಿಯವರು ಸುಡುವ ಮರುಭೂಮಿ, ಕೊರೆವ ಹಿಮ, ಕಳಪೆ ಪೆಟ್ರೋಲ್ ಎಲ್ಲವನ್ನೂ ಲೆಕ್ಕಹಾಕಿ ಶಕ್ತಿಯನ್ನು ಸ್ವಲ್ಪ ಕಟ್ಟಿಹಾಕಿರುತ್ತಾರೆ. ಆ ಕಟ್ಟನ್ನು ಸಡಿಲಿಸುವುದೇ ‘ರೀಮ್ಯಾಪ್’. ಟರ್ಬೊ ಇರುವ ಎಂಜಿನ್ನಿನಲ್ಲಿ ಇದರ ಲಾಭ ದೊಡ್ಡದು. ಟರ್ಬೊ ಇಲ್ಲದ್ದರಲ್ಲಿ ಅಷ್ಟಕ್ಕಷ್ಟೆ. ಬರೀ ಸಾಫ್ಟ್‌ವೇರ್ ಬದಲಿಸಿದರೆ ‘ಸ್ಟೇಜ್ 1’. ಗಾಳಿ ಒಳಗೆ ಬರುವ, ಹೊಗೆ ಹೊರಗೆ ಹೋಗುವ ಭಾಗಗಳನ್ನೂ ಬದಲಿಸಿದರೆ ‘ಸ್ಟೇಜ್ 2’. ಟರ್ಬೊವನ್ನೇ ದೊಡ್ಡದು ಮಾಡಿದರೆ ‘ಸ್ಟೇಜ್ 3’. ಪ್ರತಿ ಹಂತಕ್ಕೂ ಎಂಜಿನ್, ಗೇರ್‌ಬಾಕ್ಸ್ ಮೇಲೆ ಬೀಳುವ ಭಾರ ಏರುತ್ತದೆ. ವಾರಂಟಿ ಕೈತಪ್ಪುವ ಅಪಾಯ ಮೊದಲ ಹಂತದಲ್ಲೇ ಶುರುವಾಗುತ್ತದೆ.

ಕಿವಿಯ ಚಪಲ, ಕಣ್ಣಿನ ಚಪಲ

ಶಕ್ತಿಗಿಂತ ಹೆಚ್ಚು ಜನರನ್ನು ಸೆಳೆಯುವುದು ಸದ್ದು. 2020ರ ಏಪ್ರಿಲ್‌ನಲ್ಲಿ ದೇಶಕ್ಕೆ ಬಿಎಸ್-6 ನಿಯಮ ಬಂತು. ಯುರೋಪಿನಲ್ಲೂ ಇಂಥ ನಿಯಮ ಬಿಗಿಯಾದ ಮೇಲೆ ಹಲವು ಪೆಟ್ರೋಲ್ ಸ್ಪೋರ್ಟ್ಸ್ ಕಾರುಗಳ ಹೊಗೆ ಕೊಳವೆಗೆ ಮಸಿ ಸೋಸುವ ಫಿಲ್ಟರ್ ಸೇರಿತು. ಹೊಗೆ ಶುದ್ಧವಾಯಿತು, ಗರ್ಜನೆ ಅಡಗಿತು. ಗರ್ಜನೆಗೆಂದೇ ಕಾರು ಕೊಂಡವರು ಟೈಟಾನಿಯಂ ಸೈಲೆನ್ಸರ್ ಹುಡುಕಿಕೊಂಡು ಹೊರಟರು. ಈ ಸೈಲೆನ್ಸರ್ ತೂಕವನ್ನೂ ಇಳಿಸುತ್ತದೆ ಎಂಬುದು ನಿಜ. ಆದರೆ ಇಳಿದ ಹತ್ತಿಪ್ಪತ್ತು ಕಿಲೋಗಾಗಿ ಯಾರೂ ಲಕ್ಷಗಳನ್ನು ಸುರಿಯುವುದಿಲ್ಲ.

ಬಣ್ಣದ ಮೋಹವೂ ಕಡಿಮೆಯದಲ್ಲ. ಪೇಂಟ್ ಮುಟ್ಟದೆ ಮೇಲೆ ಹಾಳೆ ಅಂಟಿಸುವ ‘ರ್‍ಯಾಪ್’, ಕಲ್ಲಿನ ಗೀರು ತಡೆಯುವ ಪಾರದರ್ಶಕ ‘ಪಿಪಿಎಫ್’, ಕಾರ್ಬನ್ ಫೈಬರ್ ರೆಕ್ಕೆ, ಅಗಲದ ಅಲಾಯ್ ವೀಲ್ ಹೀಗೆ ಪಟ್ಟಿ ಬೆಳೆಯುತ್ತದೆ. ಇದು ಅತಿಯಾದರೆ ಕಂಪನಿಯೇ ಸಹಿಸುವುದಿಲ್ಲ. ಕೆನಡಾದ ಸಂಗೀತಗಾರ ಡೆಡ್‌ಮೌಸ್ ತನ್ನ ಫೆರಾರಿಗೆ ಬೆಕ್ಕಿನ ಕಾರ್ಟೂನ್ ಹಾಳೆ ಅಂಟಿಸಿ ಲಾಂಛನವನ್ನೂ ‘ಪುರಾರಿ’ ಎಂದು ತಿದ್ದಿಕೊಂಡಿದ್ದ. 2014ರಲ್ಲಿ ಫೆರಾರಿಯವರು ವಕೀಲರ ನೋಟಿಸ್ ಕಳಿಸಿದರು. ದುಡ್ಡು ಕೊಟ್ಟವನು ನಾನು, ಕಾರು ಯಾರದು ಎಂಬ ಪ್ರಶ್ನೆ ಆಗ ಜಗತ್ತಿನೆಲ್ಲೆಡೆ ಚರ್ಚೆಯಾಯಿತು. ಅಂದಹಾಗೆ, ಹೊಲಿಗೆಯ ದಾರದ ಬಣ್ಣದವರೆಗೂ ನಿಮ್ಮಿಷ್ಟದಂತೆ ಮಾಡಿಕೊಡುತ್ತೇವೆಂದು ದೊಡ್ಡ ಮೊತ್ತ ಪಡೆಯುವ ವಿಭಾಗ ಫೆರಾರಿಯಲ್ಲೂ ಇದೆ, ಪೋರ್ಷೆಯಲ್ಲೂ ಇದೆ.

ಮಂಡ್ಯ ಸೀಮೆಗೆ ಈ ಹಂಬಲ ಹೊಸದೇನಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ದನಗಳ ಜಾತ್ರೆಗೆ ಹಳ್ಳಿಕಾರ್ ಎತ್ತಿನ ಜೋಡಿಯನ್ನು ಕರೆತರುವವರನ್ನು ನೋಡಿ. ಕೊಂಬಿಗೆ ಹಿತ್ತಾಳೆ ಕಳಸ, ಕೊರಳಿಗೆ ಗೆಜ್ಜೆ, ಮೈಗೆ ಜೂಲು, ಮುಂದೆ ವಾದ್ಯ. ಇದ್ಯಾವುದರಿಂದಲೂ ಎತ್ತು ಒಂದು ಸಾಲು ಹೆಚ್ಚು ಉಳುವುದಿಲ್ಲ. ಇಂಥವರ ಜೋಡಿ ಎಂದು ಜಾತ್ರೆ ಗುರುತಿಸುತ್ತದೆ, ಅಷ್ಟು ಸಾಕು. ಕಾರ್ಖಾನೆಯಿಂದ ಒಂದೇ ಅಚ್ಚಿನಲ್ಲಿ ಹೊರಬಂದ ಕಾರಿಗೆ ಮಾಲೀಕ ಬಯಸುವುದೂ ಇದೇ ಗುರುತನ್ನು.

ರಸ್ತೆಯ ಒತ್ತಾಯ

ಎಲ್ಲವನ್ನೂ ಶೋಕಿ ಎನ್ನಲಾಗದು. ಸ್ಪೋರ್ಟ್ಸ್ ಕಾರಿನ ತಳಕ್ಕೂ ನೆಲಕ್ಕೂ ನಡುವೆ ಸಾಮಾನ್ಯವಾಗಿ 12–13 ಸೆಂಟಿಮೀಟರ್ ಅಂತರ. ಎಕ್ಸ್‌ಪ್ರೆಸ್‌ವೇ ಬಿಟ್ಟು ಮದ್ದೂರಿನಿಂದ ಮಳವಳ್ಳಿ ಕಡೆ ತಿರುಗಿದರೆ ಪ್ರತಿ ಊರಿನ ಹಂಪ್ ಕೂಡ ಪರೀಕ್ಷೆ. ಗುಂಡಿ ಒತ್ತಿದರೆ ಮೂತಿ ಮೇಲೇಳುವ ‘ಲಿಫ್ಟರ್’ ಇಲ್ಲಿ ಅನಿವಾರ್ಯ. ಇನ್ನು ಪೆಟ್ರೋಲ್: 98 ಆಕ್ಟೇನಿಗೆ ಹದಮಾಡಿದ ಎಂಜಿನ್ನಿಗೆ ನಮ್ಮ ಸಾಮಾನ್ಯ ಪೆಟ್ರೋಲ್ ಒಗ್ಗುವುದಿಲ್ಲ. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ 100 ಆಕ್ಟೇನಿನ ಪೆಟ್ರೋಲ್ ತಂದರೂ ಅದು ಎಲ್ಲ ಬಂಕಿನಲ್ಲಿ ಸಿಗದು.

ರೇಸ್ ಟ್ರ್ಯಾಕಿಗೆ ಹೋಗುವವರ ಬೇಡಿಕೆಯೇ ಬೇರೆ. ಅವರು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗುತ್ತಾರೆ. ಅಲ್ಲಿ ಕಾಪಾಡುವುದು ಹಿಡಿತವುಳ್ಳ ಟೈರು, ಕಾದರೂ ಸೋಲದ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್, ಹಗುರವಾದ ಫೋರ್ಜ್ಡ್ ವೀಲ್. ಇವು ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲ, ಸದ್ದನ್ನೂ ಮಾಡುವುದಿಲ್ಲ. ಕಾರನ್ನು ನಿಜಕ್ಕೂ ಉತ್ತಮಗೊಳಿಸುವ ಕೆಲಸ ನಡೆಯುವುದು ಇಲ್ಲೇ.

ಆರ್‌ಸಿಯಲ್ಲಿ ಇರುವುದೇ ಕಾರು

ಕಾನೂನು ಇದನ್ನೆಲ್ಲ ಬೇರೆ ಕಣ್ಣಿನಿಂದ ನೋಡುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾಲೀಕ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು 2012ರಲ್ಲೇ ಸುಪ್ರೀಂ ಕೋರ್ಟ್ ನಿಷೇಧಿಸಿದೆ. ಕಾರಿನ ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು. ವಿಮೆ ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ದಿನ ಕ್ಲೇಮಿಗೆ ಅಡ್ಡ ನಿಲ್ಲಬಹುದು. ಅಂಗವಿಕಲರು ತಮಗೆ ಹೊಂದುವಂತೆ ವಾಹನವನ್ನು ಬದಲಿಸಿಕೊಳ್ಳಲು ಮಾತ್ರ ಕಾಯ್ದೆಯೇ ದಾರಿ ಬಿಟ್ಟಿದೆ. ನಿಜವಾದ ಅಗತ್ಯವೆಂದರೆ ಯಾವುದು ಎಂಬುದನ್ನು ಕಾನೂನು ಬಲ್ಲದು.

ಮಾರುಕಟ್ಟೆಗೂ ಅದರದೇ ತೀರ್ಪು ಇದೆ. ಮದ್ದೂರಿನಿಂದ ಮುಂದೆ ಹೋದರೆ ಶ್ರೀರಂಗಪಟ್ಟಣ ತಾಲ್ಲೂಕಿನ ನಗುವನಹಳ್ಳಿ ಬಳಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ‘ಪಯಣ’ ಕಾರು ವಸ್ತುಸಂಗ್ರಹಾಲಯವಿದೆ. ಅಲ್ಲಿರುವಂಥ ಹಳೆಯ ಕಾರುಗಳ ಲೋಕದಲ್ಲಿ ಬೆಲೆ ಬರುವುದು ಹುಟ್ಟಿದಾಗಿನ ಎಂಜಿನ್, ಹುಟ್ಟಿದಾಗಿನ ಬಣ್ಣ, ಹುಟ್ಟಿದಾಗಿನ ಬಿಡಿಭಾಗಗಳಿಗೆ. ಇಂದು ಕಿತ್ತೆಸೆದ ಸ್ಟಾಕ್ ಸೈಲೆನ್ಸರನ್ನು ಮೂವತ್ತು ವರ್ಷದ ನಂತರ ಮಗನೋ ಮೊಮ್ಮಗನೋ ಹುಡುಕಿಕೊಂಡು ಅಲೆಯಬೇಕಾದೀತು. ಅನುಭವಸ್ಥ ಮಾಲೀಕರು ಬಿಚ್ಚಿದ ಪ್ರತಿ ಭಾಗವನ್ನೂ ಕಟ್ಟಿ ಅಟ್ಟದಲ್ಲಿಡುವುದು ಇದಕ್ಕೇ.

ಒಟ್ಟಿನಲ್ಲಿ ಲೆಕ್ಕ ಸರಳ. ಟೈರು, ಬ್ರೇಕು, ಲಿಫ್ಟರಿಗೆ ಹಾಕಿದ ದುಡ್ಡು ಓಡಿಸುವವನಿಗೆ ದಕ್ಕುತ್ತದೆ. ಸೈಲೆನ್ಸರಿಗೆ ಹಾಕಿದ್ದು ದಾರಿಬದಿಯವರ ಪಾಲು. ಅದರಲ್ಲೂ ಅರ್ಧ ಜನ ಮೆಚ್ಚಿಕೊಂಡರೆ, ಮಲಗಿದ ಮಗು ಎದ್ದು ಕೂತ ಮನೆಯವರು ಶಪಿಸುತ್ತಾರೆ. ಕಾರನ್ನು ಬದಲಿಸಲೇಬೇಕೆಂಬ ಆಸೆ ಇರುವವರು ಮೊದಲು ಟೈರಿನಿಂದ ಶುರುಮಾಡಲಿ, ಆರ್‌ಟಿಒಗೂ ವಿಮೆಯವರಿಗೂ ತೋರಿಸಬಹುದಾದ್ದನ್ನಷ್ಟೇ ಹಾಕಿಸಲಿ, ವೇಗದ ಹಸಿವನ್ನು ಟ್ರ್ಯಾಕಿನಲ್ಲಿ ತೀರಿಸಿಕೊಳ್ಳಲಿ. ಶಿವಪುರದ ಪಕ್ಕ ಹಾಯುವ ಹೊಸ ಹೆದ್ದಾರಿಯ ಮಿತಿ, ಎಂಥ ಕಾರಿಗೂ, ಗಂಟೆಗೆ 100 ಕಿಲೋಮೀಟರ್.