ಹಳೆಯ ಭಾವಚಿತ್ರಗಳ ಜೀರ್ಣೋದ್ಧಾರ

ಈ ಸ್ಮರಣ ಸಂಚಿಕೆಗೋಸ್ಕರ ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಮನೆಗಳಲ್ಲಿದ್ದ ಭಾವಚಿತ್ರಗಳನ್ನು ಕಳುಹಿಸಿರುವರು. ಅವುಗಳಲ್ಲಿ ಹಲವು ಮಾಸಿಯೂ ಹರಿದೂ ಇರುವವು. ಇವನ್ನು ಸರಿಪಡಿಸುವ ಬಗೆಯನ್ನು ಅನೇಕರು ವಿಚಾರಿಸಿರುವದರಿಂದ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇವೆ.

ಹಿಂದಿನ ಕಪ್ಪು ಬಿಳುಪು ಚಿತ್ರದಲ್ಲಿ ಕಾಣುವ ರೂಪವು ಅತಿ ಸೂಕ್ಷ್ಮವಾದ ಬೆಳ್ಳಿಯ ಕಣಗಳಿಂದಾದದ್ದು. ಆ ಕಣಗಳನ್ನು ಕಾಗದದ ಮೇಲೆ ನಿಲ್ಲಿಸುವದಕ್ಕೆ 1850ರ ತರುವಾಯ ಕೋಳಿಮೊಟ್ಟೆಯ ಬಿಳಿಯ ಲೋಳೆಯನ್ನೂ, ಆ ಶತಮಾನದ ಕೊನೆಯಿಂದ ಹೆಚ್ಚಾಗಿ ಜೆಲಟಿನ್ ಎಂಬ ಅಂಟನ್ನೂ ಉಪಯೋಗಿಸಿದರು. ತೇವದ ಗಾಳಿಯಿಂದ ಬೆಳ್ಳಿಯು ಮಾಸುವದು. ಅಂಟಿಗೆ ಬೂಷ್ಟು ಹಿಡಿಯುವದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗೋಡೆಗೆ ತಗಲಿಸಿದ ಚಿತ್ರವು ಕೆಡುವದು ಇದರಿಂದಲೇ.

ಕೆಟ್ಟ ಚಿತ್ರಕ್ಕೆ ನೀರು, ಎಣ್ಣೆ, ರಬ್ಬರುಗಳನ್ನು ಸೋಕಿಸಬಾರದು. ಒಣಗಿದ ಮೃದುವಾದ ಕುಂಚದಿಂದ ಧೂಳನ್ನು ಮೆಲ್ಲಗೆ ತೆಗೆದರೆ ಸಾಕು. ಹರಿದ ತುಂಡುಗಳಿಗೆ ಸೆಲೋಟೇಪು ಹಚ್ಚಬಾರದು. ಅದರ ಅಂಟು ಕಾಲಾನಂತರ ಹಳದಿಯ ಕಲೆಯಾಗಿ ಉಳಿಯುವದು. ಗಾಜಿಗೆ ಅಂಟಿಕೊಂಡ ಚಿತ್ರವನ್ನು ಕೀಳಹೋದರೆ ಮುಖವೇ ಗಾಜಿನೊಡನೆ ಬರುವದುಂಟು. ಅದನ್ನು ಗಾಜಿನ ಸಮೇತವೇ ಪ್ರತಿ ಮಾಡಿಸತಕ್ಕದ್ದು.

ಬಳಿಕ ಸ್ಕ್ಯಾನರಿನಲ್ಲಿ ಅಂಗುಲಕ್ಕೆ 600 ಚುಕ್ಕೆಗಳಿಗೆ ಕಡಿಮೆಯಿಲ್ಲದಂತೆ ಪ್ರತಿ ತೆಗೆದು, ಅದನ್ನು ಎರಡು ಕಡೆ ಕಾದಿಡಬೇಕು. ತಿದ್ದುವ ಕೆಲಸವೆಲ್ಲ ಇನ್ನೊಂದು ಪ್ರತಿಯ ಮೇಲೆ ನಡೆಯಲಿ.

ಗೀರನ್ನೂ ಮಡಿಕೆಯ ಗುರುತನ್ನೂ ಅಳಿಸುವದು ಸುಲಭ. ಮುಖವೇ ಅಳಿದಿದ್ದರೆ ಏನು ಮಾಡಬೇಕು? ಈಗಿನ ಗಣಕಯಂತ್ರವು ಕಣ್ಣು ಬಾಯಿಗಳನ್ನು ತಾನೇ ಕಲ್ಪಿಸಿ ಬರೆದುಕೊಡುವದು. ಅದು ಸುಂದರವಾಗಿರಬಹುದು, ಆದರೆ ಅದು ನಿಮ್ಮ ಅಜ್ಜಿಯ ಮುಖವಲ್ಲ. ಮೊಮ್ಮಕ್ಕಳು ಅದನ್ನೇ ನಿಜವೆಂದು ನಂಬಿದರೆ, ಉಳಿದಿದ್ದ ಅಷ್ಟಿಷ್ಟು ಸತ್ಯವೂ ಮರೆಯಾಗುವದು. ಆದಕಾರಣ ಅಳಿದದ್ದನ್ನು ಅಳಿದಂತೆಯೇ ಬಿಡುವದು ಲೇಸೆಂದು ನಮ್ಮ ಅಭಿಪ್ರಾಯ. ಬಣ್ಣ ತುಂಬಿಸಿದರೆ, ಅದು ಊಹೆಯ ಬಣ್ಣವೆಂದು ಬರೆದಿಡಿರಿ.

ಮೂಲಚಿತ್ರವನ್ನು ಎಸೆಯದೆ, ಆಮ್ಲರಹಿತ ಕಾಗದದ ಲಕೋಟೆಯಲ್ಲಿ, ತೇವವಿಲ್ಲದ ಕಡೆ ಇಡಿರಿ. ಕಟ್ಟು ಹಾಕಿಸುವದಾದರೆ ಪ್ರತಿಗೆ ಹಾಕಿಸಿರಿ.

ಕಡೆಯದಾಗಿ, ಯಾವ ಯಂತ್ರವೂ ಮಾಡಲಾರದ ಕೆಲಸವೊಂದಿದೆ. ಚಿತ್ರದಲ್ಲಿರುವವರು ಯಾರೆಂದು ಬಲ್ಲ ಹಿರಿಯರು ಇರುವಾಗಲೇ ಅವರ ಬಳಿ ಕುಳಿತು, ಹೆಸರು, ಊರು, ವರ್ಷಗಳನ್ನು ಕೇಳಿ, ಚಿತ್ರದ ಬೆನ್ನಿನ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಮಾಸಿದ ಮುಖಕ್ಕೆ ಹೆಸರಿದ್ದರೆ ಅವರು ಮನೆಯವರಾಗಿಯೇ ಉಳಿಯುವರು; ಹೆಸರಿಲ್ಲದಿದ್ದರೆ ಎಷ್ಟು ಸ್ಪಷ್ಟವಾದ ಚಿತ್ರವೂ ಅಪರಿಚಿತರದಾಗುವದು.