ಪದರ ಜೋಡಣೆಯ ಡೈರೆಕ್ಟರಿಗಳಲ್ಲಿ ಅನುಮತಿದೋಷದ ಶೋಧನೆ

ಶಾಸನಗಳ ಪಡಿಯಚ್ಚುಗಳ ಛಾಯಾಚಿತ್ರಗಳನ್ನು ನಮ್ಮ ವಿಭಾಗದ ಲಿನಕ್ಸ್ ಗಣಕಯಂತ್ರದಲ್ಲಿ ಸಂಗ್ರಹಿಸಿಟ್ಟಿರುವೆವು. ಒಂದು ದಿನ ಆ ಡೈರೆಕ್ಟರಿಯನ್ನು ತೆರೆಯಹೋದ ವಿದ್ಯಾರ್ಥಿಗಳಿಗೆಲ್ಲ ‘ಅನುಮತಿ ಇಲ್ಲ’ ಎಂಬ ಉತ್ತರವೇ ದೊರೆಯಿತು. ಮೂಲಸಂಗ್ರಹವನ್ನು ಪರಿಶೀಲಿಸಲಾಗಿ ಅಲ್ಲಿ ಎಲ್ಲರಿಗೂ ಓದುವ ಹಕ್ಕು ಇದ್ದೇ ಇತ್ತು. ಎಲ್ಲಕ್ಕೂ 777 ಎಂಬ ಅಂಕವನ್ನು ಕೊಟ್ಟುಬಿಡಬೇಕೆಂಬ ಸಲಹೆ ಬಂದಿತು. ಅದನ್ನು ನಾವೇಕೆ ಒಪ್ಪಲಿಲ್ಲವೆಂಬುದನ್ನೂ ದೋಷವು ಪತ್ತೆಯಾದ ಬಗೆಯನ್ನೂ ಇಲ್ಲಿ ವಿವರಿಸುವೆವು.

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯುನಿಕ್ಸ್ ಪರಂಪರೆಯಲ್ಲಿ ಒಡೆಯ, ಗುಂಪು, ಇತರರು ಎಂಬ ಮೂರು ವರ್ಗಗಳಿಗೆ ಪ್ರತ್ಯೇಕ ಹಕ್ಕುಗಳುಂಟು. ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1; ಇವುಗಳ ಮೊತ್ತವೇ ಆಯಾ ವರ್ಗದ ಅಂಕ. ಡೈರೆಕ್ಟರಿಯ ವಿಷಯದಲ್ಲಿ ‘ನಡೆಸುವುದು’ ಎಂದರೆ ಒಳಹೊಗುವುದು. ಡೈರೆಕ್ಟರಿಯಲ್ಲಿ ಒಳಹೊಕ್ಕು ಬರೆಯುವ ಹಕ್ಕುಳ್ಳವನು ಅದರೊಳಗಿನ ಪರರ ಫೈಲನ್ನೂ ಸಾಮಾನ್ಯವಾಗಿ ಅಳಿಸಬಲ್ಲನು. 777ರ ಅಪಾಯವು ಇದರಲ್ಲಿಯೇ ಅಡಗಿದೆ.

ನಮ್ಮ ಸಂಗ್ರಹವಿದ್ದುದು, 2014ರಲ್ಲಿ ಲಿನಕ್ಸ್ 3.18ನೆಯ ಆವೃತ್ತಿಯೊಡನೆ ಸೇರಿದ ‘ಓವರ್‌ಲೇ’ ಎಂಬ ವ್ಯವಸ್ಥೆಯಲ್ಲಿ. ಇದರಲ್ಲಿ ಕೆಳಪದರವು ಓದುವುದಕ್ಕೆ ಮಾತ್ರ. ಬದಲಾವಣೆಗಳೆಲ್ಲ ಮೇಲ್ಪದರಕ್ಕೆ ಸೇರುತ್ತವೆ. ಬಳಕೆದಾರನಿಗೆ ಎರಡೂ ಒಂದಾಗಿ ತೋರುತ್ತವೆ. ಕೆಳಪದರದ ಫೈಲನ್ನು ತಿದ್ದಿದರೆ ಅದರ ಪ್ರತಿಯು ಮೇಲಕ್ಕೆ ಬರುವುದು. ಅಳಿಸಿದರೆ ಮರೆಮಾಡುವ ಗುರುತೊಂದು ಮೇಲೆ ಉಳಿಯುವುದು. ಮೂಲಕ್ಕೆ ಮಾತ್ರ ಯಾವ ಹಾನಿಯೂ ಇಲ್ಲ.

ಆದರೆ ಒಂದೇ ಹೆಸರಿನ ಡೈರೆಕ್ಟರಿಯು ಎರಡು ಪದರಗಳಲ್ಲಿಯೂ ಇದ್ದರೆ, ಒಳಗಿನ ಹೆಸರುಗಳು ಕೂಡಿಕೊಳ್ಳುತ್ತವೆಯೇ ಹೊರತು ಹಕ್ಕುಗಳು ಕೂಡುವುದಿಲ್ಲ. ಒಡೆತನವೂ ಅಂಕವೂ ಮೇಲ್ಪದರದವೇ ಸಲ್ಲುತ್ತವೆ. ಕೆಳಗೆ 755 ಇದ್ದರೂ ಮೇಲೆ 700 ಇದ್ದರೆ ಒಡೆಯನ ಹೊರತು ಸಾಮಾನ್ಯರಿಗೆ ಪ್ರವೇಶವಿಲ್ಲ. ನಮ್ಮಲ್ಲಿ ನಡೆದುದೂ ಇದೇ: ಮೇಲ್ಪದರದ ಡೈರೆಕ್ಟರಿಯನ್ನು ಆಡಳಿತಗಾರನ ಖಾತೆಯಿಂದ ನಿರ್ಮಿಸಿ 700 ಎಂದೇ ಬಿಡಲಾಗಿತ್ತು.

ಶೋಧನೆಯ ಕ್ರಮವಿದು. ‘ಮೌಂಟ್’ ಆಜ್ಞೆಯಿಂದ ಪದರಗಳು ಎಲ್ಲೆಲ್ಲಿವೆಯೆಂದು ತಿಳಿಯಬೇಕು. ‘ನೇಮ್‌ಐ -ಎಲ್’ ಆಜ್ಞೆಯಿಂದ ದಾರಿಯ ಪ್ರತಿಯೊಂದು ಡೈರೆಕ್ಟರಿಯ ಹಕ್ಕನ್ನೂ ನೋಡಬೇಕು; ನಡುವೆ ಒಂದು ಬಾಗಿಲು ಮುಚ್ಚಿದ್ದರೂ ಮುಂದಿನ ದಾರಿಯಿಲ್ಲ. ಅನಂತರ ಪದರಗಳನ್ನು ಒಂದೊಂದಾಗಿ ಹೋಲಿಸಬೇಕು. ಜೋಡಣೆಯನ್ನು ಮಾಡಿದವನಿಗೆ ಪದರಗಳ ಮೇಲೆ ಹಕ್ಕಿದೆಯೇ ಎಂಬುದೂ ಪ್ರತ್ಯೇಕವಾಗಿ ಪರೀಕ್ಷಿತವಾಗುವುದರಿಂದ ಅದನ್ನೂ ಗಮನಿಸತಕ್ಕದ್ದು. ಜೋಡಣೆ ಜಾರಿಯಲ್ಲಿರುವಾಗ ಪದರಗಳನ್ನು ನೇರವಾಗಿ ತಿದ್ದಕೂಡದು. ಅದರ ಪರಿಣಾಮವು ಅನಿಶ್ಚಿತ.

ನಾವು ಜೋಡಿತ ಡೈರೆಕ್ಟರಿಯ ಮೂಲಕವೇ ಗುಂಪನ್ನು ವಿದ್ಯಾರ್ಥಿಗಳದಾಗಿಸಿ 775 ಕೊಟ್ಟೆವು. ಬಾಗಿಲು ತೆರೆಯಿತು, ಮೂಲಸಂಗ್ರಹದಲ್ಲಿ ಒಂದಕ್ಷರವೂ ಬದಲಾಗಲಿಲ್ಲ. 777ನ್ನು ಕೆಳಪದರಕ್ಕೇ ಕೊಟ್ಟಿದ್ದರೆ ಬಾಗಿಲು ಮುಚ್ಚಿಯೇ ಇರುತ್ತಿತ್ತು, ಮೂಲದ ರಕ್ಷಣೆಯೂ ಸಡಿಲವಾಗುತ್ತಿತ್ತು. ಉತ್ಖನನದಲ್ಲಿ ಯಾವ ವಸ್ತು ಯಾವ ಸ್ತರದ್ದೆಂದು ಮೊದಲು ನಿರ್ಣಯಿಸುವ ನಮಗೆ ಈ ವಿವೇಕವು ಹೊಸದೇನೂ ಅಲ್ಲ.