ನಾಸಿಕದ ನಾಣ್ಯಗಳೂ ಒಂದು ಔಷಧದ ಠೇವಣಿಯೂ

ನಾಸಿಕವೆಂದೊಡನೆ ನಮ್ಮ ಕನ್ನಡ ಕುಟುಂಬಗಳಿಗೆ ನೆನಪಾಗುವುದು ಗೋದಾವರಿಯ ಸ್ನಾನ, ಪಂಚವಟಿ ಹಾಗೂ ತ್ರ್ಯಂಬಕೇಶ್ವರನ ದರ್ಶನ. ಬ್ಯಾಂಕಿನಲ್ಲಿ ದುಡಿಯುವವರಿಗೆ ಇವುಗಳ ಜೊತೆಗೆ ಇನ್ನೊಂದು ನೆನಪೂ ಉಂಟು. ನಾವು ದಿನವಿಡೀ ಎಣಿಸುವ ನೋಟಿನ ಕಟ್ಟುಗಳ ತವರುಮನೆಗಳಲ್ಲಿ ಒಂದಾದ ಕರೆನ್ಸಿ ನೋಟ್ ಪ್ರೆಸ್ 1928ರಿಂದ ನಾಸಿಕ ರೋಡಿನಲ್ಲಿ ಕೆಲಸ ಮಾಡುತ್ತಿದೆ. ಆದರೆ ಅದು ಬಿಗಿ ಪಹರೆಯ ಸ್ಥಳ. ಬ್ಯಾಂಕಿನ ಅಧಿಕಾರಿಯೆಂದು ಹೇಳಿಕೊಂಡರೂ ಬಾಗಿಲು ತೆರೆಯುವುದಿಲ್ಲ. ಹಣದ ಚರಿತ್ರೆಯನ್ನು ಕಣ್ಣಾರೆ ಕಾಣಬಯಸುವವರು ಊರಿನ ಇನ್ನೊಂದು ದಿಕ್ಕಿಗೆ, ತ್ರ್ಯಂಬಕದ ರಸ್ತೆಯನ್ನು ಹಿಡಿದು, ಅಂಜನೇರಿ ಬೆಟ್ಟದ ಬುಡಕ್ಕೆ ಹೋಗಬೇಕು.

ಅಲ್ಲಿ 1980ರಲ್ಲಿ ಸ್ಥಾಪಿತವಾದ ಭಾರತೀಯ ನಾಣ್ಯಶಾಸ್ತ್ರ ಸಂಶೋಧನ ಸಂಸ್ಥೆಯೂ ಅದಕ್ಕೆ ಸೇರಿದ ಪುಟ್ಟದೊಂದು ನಾಣ್ಯ ಸಂಗ್ರಹಾಲಯವೂ ಇವೆ. ನಾಣ್ಯಶಾಸ್ತ್ರದಲ್ಲಿ ದೊಡ್ಡ ಹೆಸರಾದ ಪರಮೇಶ್ವರಿ ಲಾಲ ಗುಪ್ತ (1914–2001) ಹಾಗೂ ನಾಣ್ಯಾಸಕ್ತರಾದ ಕೆ. ಕೆ. ಮಾಹೇಶ್ವರಿ ಇದರ ಹಿಂದಿನ ಶಕ್ತಿಗಳು. ಮುಂಬಯಿಯ ದೊಡ್ಡ ವಸ್ತುಸಂಗ್ರಹಾಲಯದಂತೆ ಇಲ್ಲಿ ಗುಮ್ಮಟವಿಲ್ಲ, ನೂಕುನುಗ್ಗಲಿಲ್ಲ. ಮೂಲ ನಾಣ್ಯಗಳೊಡನೆ ಅಚ್ಚುಗಳನ್ನೂ ಪ್ರತಿಕೃತಿಗಳನ್ನೂ ಛಾಯಾಚಿತ್ರಗಳನ್ನೂ ಜೋಡಿಸಿ, ನಮ್ಮ ದೇಶದಲ್ಲಿ ಹಣವೆಂಬುದು ಬೆಳೆದುಬಂದ ಬಗೆಯನ್ನು ತೋರಿಸಿದ್ದಾರೆ. ನಾವು ಹೋದ ದಿನ ನಮ್ಮ ಕುಟುಂಬದವರ ಹೊರತು ಬೇರೆ ಪ್ರೇಕ್ಷಕರಿರಲಿಲ್ಲ. ಪ್ರತಿಕೃತಿಗಳನ್ನು ಕಂಡು ಕೆಲವರು ಮೂಗು ಮುರಿಯುವುದುಂಟು. ನನ್ನ ಅಭಿಪ್ರಾಯ ಬೇರೆ. ನಾಣ್ಯದ ಎರಡು ಮುಖಗಳನ್ನೂ ಒಟ್ಟಿಗೆ, ನಿಧಾನವಾಗಿ ನೋಡಿ ಓದಲು ಪ್ರತಿಕೃತಿಯೇ ಅನುಕೂಲ. ಚಿನ್ನದ ಹೊಳಪಿಗೆ ಮರುಳಾದವನು ಅಕ್ಷರವನ್ನು ನೋಡುವುದಿಲ್ಲ.

ನಾಸಿಕ ಜಿಲ್ಲೆಯ ನಾಣ್ಯಗಳೆಂದರೆ ತಜ್ಞರು ಮೊದಲು ಹೇಳುವುದು ಜೋಗಲ್‌ಟೆಂಬಿಯ ನಿಧಿಯನ್ನು. 1906ರಲ್ಲಿ ಆ ಹಳ್ಳಿಯಲ್ಲಿ 13,250ಕ್ಕೂ ಮಿಕ್ಕಿ ಬೆಳ್ಳಿಯ ನಾಣ್ಯಗಳು ದೊರೆತವು. ಎಲ್ಲವೂ ಕ್ಷಹರಾತ ವಂಶದ ಶಕ ದೊರೆ ನಹಪಾನನವು. ಒಂದು ಬದಿಯಲ್ಲಿ ದೊರೆಯ ತಲೆ, ಸುತ್ತಲೂ ಗ್ರೀಕ್ ಅಕ್ಷರಗಳು. ಇನ್ನೊಂದು ಬದಿಯಲ್ಲಿ ಬಾಣ, ವಜ್ರಾಯುಧ, ಬ್ರಾಹ್ಮೀ ಮತ್ತು ಖರೋಷ್ಠೀ ಲಿಪಿಗಳು. ಇವುಗಳ ಪೈಕಿ 9,000ಕ್ಕೂ ಹೆಚ್ಚು ನಾಣ್ಯಗಳ ಮೇಲೆ ಎರಡನೆಯ ಸಲ ಅಚ್ಚು ಬಿದ್ದಿದೆ. ನಹಪಾನನನ್ನು ಸೋಲಿಸಿದ ಗೌತಮೀಪುತ್ರ ಶಾತಕರ್ಣಿಯು ಅವುಗಳನ್ನು ಕರಗಿಸದೆ, ಸೋತವನ ಮುಖದ ಮೇಲೆಯೇ ತನ್ನ ಕಮಾನುಬೆಟ್ಟದ ಗುರುತನ್ನೂ ಉಜ್ಜಯಿನಿಯ ಚಿಹ್ನೆಯನ್ನೂ ಒತ್ತಿಸಿದನು. ಎಷ್ಟೋ ನಾಣ್ಯಗಳಲ್ಲಿ ಹೊಸ ಗುರುತಿನ ಅಡಿಯಿಂದ ಹಳೆಯ ಮೂಗು, ಹಳೆಯ ಗಲ್ಲ ಇಣುಕುತ್ತವೆ.

2016ರ ನವೆಂಬರ್ 8ರ ರಾತ್ರಿಯ ಅನಂತರದ ವಾರಗಳಲ್ಲಿ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತಿದ್ದವರಿಗೆ ಈ ಸಂಗತಿಯು ವಿಶೇಷವಾಗಿ ಮನಸ್ಸಿಗೆ ತಟ್ಟುತ್ತದೆ. ಹಳೆಯ ಹಣಕ್ಕೆ ಹೊಸ ಮುದ್ರೆ ಬೇಕೆಂದು ಜನರು ಸಾಲುಗಟ್ಟಿ ನಿಂತ ದೃಶ್ಯವನ್ನು ನಾವು ಕಂಡಿದ್ದೇವೆ. ಆದರೆ ಜೋಗಲ್‌ಟೆಂಬಿಯ ನಿಧಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಮರುಮುದ್ರೆಯಿಲ್ಲದ ಹಳೆಯ ನಾಣ್ಯಗಳೇ ಇದ್ದವೆಂಬುದನ್ನು ಗಮನಿಸಬೇಕು. ಕೂಡಿಟ್ಟವನು ಎರಡನ್ನೂ ಒಟ್ಟಿಗೆ ಇಟ್ಟಿದ್ದನು. ದೊರೆ ಯಾರಾದರೇನು, ಬೆಳ್ಳಿಯ ತೂಕ ಬದಲಾಗಿರಲಿಲ್ಲ.

ದೊರೆ ಬದಲಾದಾಗ ಠೇವಣಿಗಳ ಗತಿಯೇನಾಯಿತು? ಬ್ಯಾಂಕಿನವನಿಗೆ ಸಹಜವಾಗಿ ಹುಟ್ಟುವ ಪ್ರಶ್ನೆ ಇದು. ಇದನ್ನು ಕುರಿತು ಆಲೋಚಿಸಲು ಸಂಗ್ರಹಾಲಯದಿಂದ ನಾಸಿಕಕ್ಕೆ ಹಿಂದಿರುಗಿ, ಮುಂಬಯಿ ಹೆದ್ದಾರಿಯ ಪಕ್ಕದ ಪಾಂಡವಲೇಣಿಯ ಗುಡ್ಡವನ್ನು ಹತ್ತಬೇಕು. ಶಾಸನಗಳಲ್ಲಿ ಈ ಗುಡ್ಡದ ಹೆಸರು ತ್ರಿರಶ್ಮಿ. ಪಾಂಡವರಿಗೂ ಇದಕ್ಕೂ ಸಂಬಂಧವಿಲ್ಲ. ಇವು ಬೌದ್ಧ ಭಿಕ್ಷುಗಳ ವಿಹಾರಗಳು.

ಹತ್ತನೆಯ ಗುಹೆಯಲ್ಲಿ ನಹಪಾನನ ಅಳಿಯ ಉಷವದಾತನ ಶಾಸನವಿದೆ. ಆತನು 3,000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ ಅಕ್ಷಯನಿಧಿಯಾಗಿ ತೊಡಗಿಸಿದನು. ಒಂದು ಶ್ರೇಣಿಯಲ್ಲಿ 2,000. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು. ಇನ್ನೊಂದರಲ್ಲಿ 1,000, ಬಡ್ಡಿ ತಿಂಗಳಿಗೆ ನೂರಕ್ಕೆ ಮುಕ್ಕಾಲು. ಅಸಲನ್ನು ಹಿಂದಕ್ಕೆ ಕೊಡತಕ್ಕದ್ದಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕದ್ದು. ಮೊದಲನೆಯ ಠೇವಣಿಯ ಬಡ್ಡಿಯಿಂದ, ಮಳೆಗಾಲದಲ್ಲಿ ಆ ಗುಹೆಯಲ್ಲಿ ನೆಲೆಸುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ಬಟ್ಟೆಯ ಹಣ. ಓದುಗರು ಲೆಕ್ಕ ಹಾಕಿ ನೋಡಬಹುದು: 2,000ಕ್ಕೆ ವರ್ಷದ ಬಡ್ಡಿ 240, ಇಪ್ಪತ್ತು ಜನಕ್ಕೆ ಹನ್ನೆರಡರಂತೆ ಹಂಚಿದರೂ ಅಷ್ಟೇ. ಒಂದು ಕಾಸೂ ಹೆಚ್ಚುಕಡಮೆಯಿಲ್ಲ! ಇದೆಲ್ಲವನ್ನೂ ನಿಗಮಸಭೆಯಲ್ಲಿ ಓದಿಸಿ, ಪದ್ಧತಿಯಂತೆ ಫಲಕದಲ್ಲಿ ನೋಂದಾಯಿಸಲಾಯಿತೆಂದೂ ಬರೆದಿದೆ. ಶೇಕಡ ಹನ್ನೆರಡರ ಬಡ್ಡಿ ಇಂದಿನ ಖಾಯಂ ಠೇವಣಿದಾರರ ಬಾಯಲ್ಲಿ ನೀರೂರಿಸುವಂಥದು.

ಮೂರನೆಯ ಗುಹೆಯಲ್ಲಿ ಗೆದ್ದವನ ಕಾಗದಪತ್ರಗಳಿವೆ. ಹಿಂದೆ ಉಷವದಾತನ ಅನುಭವದಲ್ಲಿದ್ದ 200 ನಿವರ್ತನ ಭೂಮಿಯನ್ನು ಗೌತಮೀಪುತ್ರನು ಭಿಕ್ಷುಗಳಿಗೆ ದಾನವಿತ್ತು, ಗೋವರ್ಧನದ ಅಮಾತ್ಯನಿಗೆ ಆಜ್ಞೆ ಕಳುಹಿಸಿದನು. ಆ ಆಜ್ಞೆ ಹೊರಟದ್ದು ವೈಜಯಂತಿಯ ಸೇನೆಯ ವಿಜಯಶಿಬಿರದಿಂದ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಉದ್ಯೋಗನಿಮಿತ್ತ ಈ ಪ್ರಾಂತಕ್ಕೆ ವರ್ಗವಾಗಿ ಬಂದ ಕನ್ನಡಿಗನಿಗೆ ಆ ಹೆಸರಿನ ಮುಂದೆ ನಿಂತಾಗ ಆಗುವ ಸಂತೋಷವನ್ನು ವಿವರಿಸಬೇಕಾಗಿಲ್ಲ. ಆರು ವರ್ಷಗಳ ಮೇಲೆ ಬರೆಸಿದ ಇನ್ನೊಂದು ಆಜ್ಞೆಯೂ ಅಲ್ಲಿದೆ: ಮೊದಲು ಕೊಟ್ಟ ಹೊಲದಲ್ಲಿ ಉಳುಮೆಯಿಲ್ಲ, ಆ ಹಳ್ಳಿಯಲ್ಲಿ ಜನವಸತಿಯಿಲ್ಲ, ಆದಕಾರಣ ಊರಿನ ಎಲ್ಲೆಯಲ್ಲಿರುವ ರಾಜಭೂಮಿಯಿಂದ 100 ನಿವರ್ತನ ಕೊಡತಕ್ಕದ್ದು. ದಾನಪತ್ರವನ್ನು ಕೆತ್ತಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ಫಲಿಸಿತೇ ಎಂದು ವಿಚಾರಿಸಿದವರು ಇದ್ದರು.

ಈಗ ಮತ್ತೆ ಹತ್ತನೆಯ ಗುಹೆಯ ಅಂಗಳಕ್ಕೆ ಬರೋಣ. ಶಾತವಾಹನರ ಪ್ರಾಬಲ್ಯವೂ ಅಳಿದ ಬಳಿಕ, ಆಭೀರ ದೊರೆ ಈಶ್ವರಸೇನನ ಒಂಬತ್ತನೆಯ ಆಳ್ವಿಕೆಯ ವರ್ಷದಲ್ಲಿ, ವಿಷ್ಣುದತ್ತೆಯೆಂಬ ಉಪಾಸಿಕೆಯು ಬರೆಸಿದ ಶಾಸನವೊಂದು ಇಲ್ಲಿದೆ. ಈಕೆ ಶಕ ಅಗ್ನಿವರ್ಮನ ಮಗಳು, ಗಣಪಕ ರೇಭಿಲನ ಹೆಂಡತಿ. ಈಕೆಯೂ ಶ್ರೇಣಿಗಳಲ್ಲಿ ಅಕ್ಷಯನಿಧಿಯಾಗಿ ಹಣವಿಟ್ಟಳು. ಕುಂಬಾರರೆಂದು ಅರ್ಥೈಸಲಾಗಿರುವ ಕುಲರಿಕರು, ನೀರಿನ ಯಂತ್ರಗಳನ್ನು ಮಾಡುವ ಓದಯಂತ್ರಿಕರು, ಎಣ್ಣೆಯ ಗಾಣಿಗರು, ಇವರು ಆ ನಿಧಿಯ ಧಾರಕರು. ಉದ್ದೇಶವನ್ನು ಒಂದೇ ಪದದಲ್ಲಿ ಹೇಳಿದೆ: ಗಿಲಾನಭೇಷಜ, ಎಂದರೆ ರೋಗಿಗಳಿಗೆ ಔಷಧ. ನಾಲ್ಕೂ ದಿಕ್ಕುಗಳಿಂದ ಬಂದು ಈ ಗುಡ್ಡದಲ್ಲಿ ನೆಲೆಸುವ ಭಿಕ್ಷುಸಂಘದ ರೋಗಿಗಳಿಗೆ ಇದು ಸಲ್ಲಬೇಕು.

ಉಷವದಾತನ ಠೇವಣಿಯ ತರುವಾಯ ನೂರಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು. ಎರಡು ಸಲ ರಾಜ್ಯ ಕೈಬದಲಾಯಿಸಿತ್ತು; ಬೆಳ್ಳಿಯ ಮೇಲೆ ಸುತ್ತಿಗೆ ಬಿದ್ದಿತ್ತು. ಆದರೂ ಒಬ್ಬ ಗೃಹಿಣಿಗೆ ಔಷಧದ ಹಣವನ್ನು ಅರಮನೆಯ ಬೊಕ್ಕಸದಲ್ಲಲ್ಲ, ಕುಂಬಾರರ ಮತ್ತು ಗಾಣಿಗರ ಕೈಯಲ್ಲಿಡಲು ಧೈರ್ಯವಿತ್ತು. ಕಾಯಿಲೆಗೆ ಮುದ್ದತಿಲ್ಲ, ಅದು ಯಾವ ದೊರೆಯ ಕಾಲದಲ್ಲಾದರೂ ಬಂದೀತು ಎಂಬುದನ್ನು ಆಕೆ ಬಲ್ಲಳು. ಈ ಸಂಚಿಕೆಯಲ್ಲಿ ವೈದ್ಯಮಿತ್ರರು ಬರೆಯುವ ಲೇಖನಗಳ ನಡುವೆ ನಾಣ್ಯದ ಲೇಖನಕ್ಕೆ ಎಡೆ ಕೇಳಿಕೊಳ್ಳಲು ನನಗೆ ಆಕೆಯೇ ಆಧಾರ.

ಮುದ್ರೆ ಇದ್ದು ನಂಬಿಕೆ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ತಿಳಿಯಲು ಪೂರ್ವಕ್ಕೆ ಪ್ರಯಾಣ ಮಾಡಬೇಕು. 2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರದ ಹತ್ತಿರ ದೌಲತಾಬಾದಿನ ಕೋಟೆಯಿದೆ. ಇದು ಸೇವುಣರ ದೇವಗಿರಿ. ಇಲ್ಲಿಯ ಅರಸರ ಚಿನ್ನದ ಪದ್ಮಟಂಕದ ನಡುವೆ ತಾವರೆಯಿದ್ದು, ಜೊತೆಗೆ ತೆಲುಗು-ಕನ್ನಡ ಲಿಪಿಯ ಶ್ರೀಕಾರ ಕಾಣುತ್ತದೆ. ಕಾರ್ನಾಡರ ನಾಟಕದಿಂದ ನಮಗೆಲ್ಲ ಪರಿಚಿತನಾದ ಮಹಮ್ಮದ್ ತುಘಲಕನು 1327ರ ಸುಮಾರಿಗೆ ರಾಜಧಾನಿಯನ್ನು ಇಲ್ಲಿಗೆ ತಂದು, ಎರಡು ಮೂರು ವರ್ಷಗಳ ಬಳಿಕ ಹಿತ್ತಾಳೆ ತಾಮ್ರಗಳ ನಾಣ್ಯವನ್ನು ಬೆಳ್ಳಿಯ ಟಂಕದ ಬೆಲೆಗೆ ಚಲಾವಣೆಗೆ ಬಿಟ್ಟನು. ಮನೆಮನೆಯೂ ಟಂಕಸಾಲೆಯಾಯಿತೆಂಬ ಅರ್ಥದಲ್ಲಿ ಬರನಿ ಬರೆದಿದ್ದಾನೆ. ಕಡೆಗೆ ಬೊಕ್ಕಸದ ಬೆಳ್ಳಿಯನ್ನು ತೆತ್ತು ಅವನ್ನು ಹಿಂದಕ್ಕೆ ಪಡೆಯಬೇಕಾಯಿತು.

ಅದೇ ಜಿಲ್ಲೆಯ ಪೈಠಣದಲ್ಲಿ, ಅಂದರೆ ಶಾತವಾಹನರ ಪ್ರತಿಷ್ಠಾನದಲ್ಲಿ, ಬಾಳಾಸಾಹೇಬ ಪಾಟೀಲರ ಹೆಸರಿನ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಒಬ್ಬ ವ್ಯಕ್ತಿಯ ಸಂಗ್ರಹವೇ ಇದರ ಮೂಲ. ಧಾರಾಶಿವ ಜಿಲ್ಲೆಯ ತೇರಿನಲ್ಲಿಯೂ ರಾಮಲಿಂಗಪ್ಪ ಲಾಮತುರೆಯವರ ಸಂಗ್ರಹದಿಂದ ಇಂಥದೇ ಸಂಗ್ರಹಾಲಯ ಬೆಳೆಯಿತು. ಹೆಸರು ಕೇಳಿದರೆ ಕನ್ನಡದ ಕಿವಿ ನಿಮಿರುತ್ತದೆ. ದೊಡ್ಡ ಇಲಾಖೆಗಳಿಗೆ ಮುಂಚೆ ಇಂಥ ಆಸಕ್ತರು ಹೊಲದಲ್ಲಿಯೂ ಹೊಳೆಯ ದಂಡೆಯಲ್ಲಿಯೂ ಬಿದ್ದಿದ್ದ ಮಣಿ, ಮಡಕೆಯ ಚೂರು, ನಾಣ್ಯಗಳನ್ನು ಆಯ್ದಿಡದಿದ್ದರೆ ಅವು ಅಕ್ಕಸಾಲಿಗರ ಮೂಸೆಯನ್ನು ಸೇರುತ್ತಿದ್ದವು.

ನಮ್ಮ ಸದಸ್ಯರ ಮನೆಗಳಲ್ಲಿಯೂ ಅಜ್ಜಿಯ ಕಾಲದ ಡಬ್ಬಿಗಳುಂಟು. ಅವುಗಳಲ್ಲಿನ ನಾಣ್ಯಗಳನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿಸಬಾರದು. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ಶಾತವಾಹನರ ಕಾಲದವುಗಳಲ್ಲಿ ಸೀಸದ ನಾಣ್ಯಗಳು ಬಹಳ. ಅವುಗಳ ಮೇಲಿನ ಬಿಳಿಯ ಪುಡಿ ವಿಷಕಾರಿಯಾದ್ದರಿಂದ ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯದೆ ಊಟಕ್ಕೆ ಕೂಡಬಾರದು, ಮಕ್ಕಳ ಕೈಗಂತೂ ಕೊಡಲೇಬಾರದು. ನೆಲದಲ್ಲಿ ಹೂತಿದ್ದ ನಿಧಿಯೇನಾದರೂ ಸಿಕ್ಕಿ, ಅದರ ಬೆಲೆ ಹತ್ತು ರೂಪಾಯಿಗೆ ಮೀರಿದ್ದರೆ, 1878ರ ನಿಧಿ ಕಾಯಿದೆಯಂತೆ ಕಲೆಕ್ಟರರಿಗೆ ತಿಳಿಸಬೇಕು.

ಪಾಂಡವಲೇಣಿಗೆ ಮೆಟ್ಟಿಲುಗಳಿವೆ. ಮಂಡಿನೋವಿನವರೂ ಹೃದಯದ ತೊಂದರೆಯವರೂ ಬಿಸಿಲೇರುವ ಮುನ್ನ, ನಿಂತು ನಿಂತು ಹತ್ತುವುದು ಒಳ್ಳೆಯದು. ಗುಹೆಯ ಅಕ್ಷರಗಳನ್ನು ನೋಡಲು ಒಂದು ಬ್ಯಾಟರಿ ದೀಪವಿರಲಿ; ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಹಾಯಿಸಿದರೆ ಕೆತ್ತನೆಯ ನೆರಳು ಬಿದ್ದು ಸಾಲುಗಳು ಎದ್ದು ಕಾಣುತ್ತವೆ. ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ.